ಹಾರದೆ ಉಳಿದ ಅಕ್ಷರ

ಕಿಟಕಿಯ ಸರಳಿಗೆ ಹಾರಿ ಕುಳಿತ ಅಕ್ಷರಗಳನ್ನು ಮಕ್ಕಳಿಗೆ ಓದಿಸುವ ತರಬೇತಿಯಲ್ಲಿದ್ದ ವಾರಿಜ ಪುಸಲಾಯಿಸಿ ಮತ್ತೆ ಪುಟಕ್ಕೆ ಇಳಿಸಿಕೊಳ್ಳುತ್ತಿದ್ದಳು. ಮಗು ತಡವರಿಸುವಾಗ ಪಕ್ಕದವರು ಬಾಯಿ ಹಾಕಿದರೆ ಅಕ್ಷರಗಳು ಪುಟದಲ್ಲಿ ನಿಲ್ಲದೆ ಹಾರಿಹೋಗುತ್ತವೆ. ಎಲ್ಲ ಶಾಲೆಗಳಲ್ಲೂ ಹಾಗೆಯೇ.

“ಮತ್ತೆ ಹೇಳಿಕೊಟ್ರಾ ವಾರಿಜಮ್ಮ? ಇನ್ನೊಂದ್ಸಲ ಹಾರಿಸಿದ್ರೆ ಓದ್ಸೋ ಕೆಲ್ಸ ಬೇಡ, ಬಿಸಿಯೂಟ ಬಡಿಸೋಕೆ ಹೋಗಿ.” ತರಬೇತಿಯ ಮೇಡಂ ನಕ್ಕರೂ ಮಾತು ತಮಾಷೆಯದಾಗಿರಲಿಲ್ಲ.

ಪುಟಾಣಿ ಸಬೀನಾ “ನ... ನವಿ...” ಎಂದು ನಿಂತಳು. ಉಳಿದದ್ದು ವಾರಿಜಳ ನಾಲಿಗೆಯ ತುದಿಗೇ ಬಂದಿತ್ತು. ಆಗ ಓರಗಿತ್ತಿ ಗಿರಿಜಕ್ಕ ನೆನಪಾದಳು. ಮದುವೆಯಾಗಿ ಬಂದ ಹೊಸತರಲ್ಲಿ ವಾರಿಜಳಿಗೆ ಓದಲು ಕಲಿಸಿದವಳು ಅವಳೇ. ಇವಳು ಒಂದು ಪದಕ್ಕೆ ಹೆಣಗುತ್ತಿದ್ದರೆ ಅವಳು ತಲೆಯೆತ್ತದೆ ಅವರೆಕಾಯಿ ಸುಲಿಯುತ್ತಿದ್ದಳು. ಅದನ್ನು ಅಸಡ್ಡೆ ಎಂದೇ ಇವಳು ಇಷ್ಟು ವರ್ಷ ತಿಳಿದಿದ್ದಳು.

ವಾರಿಜ ಚೀಲದಿಂದ ಸಂತೆಯ ಅವರೆಕಾಯಿ ತೆಗೆದು ಸುಲಿಯತೊಡಗಿದಳು. ಅಲುಗಾಡುತ್ತಿದ್ದ ಅಕ್ಷರಗಳು ರೆಕ್ಕೆ ಮಡಚಿ ಕುಳಿತವು.

“ನವಿಲು!” ಎಂದಳು ಸಬೀನಾ.

“ಸುಮ್ನಿರೋದನ್ನ ಯಾರು ಕಲ್ಸಿದ್ರು ನಿಮ್ಗೆ?” ಮೇಡಂ ಕೇಳಿದರು.

ವಾರಿಜ ನಕ್ಕಳು. ಮನೆ ಪಾಲಾದ ಮೇಲೆ ಅವಳು ಗಿರಿಜಕ್ಕನ ಹೊಸಿಲು ತುಳಿದಿರಲಿಲ್ಲ. ಸುಲಿದ ಕಾಳನ್ನೆಲ್ಲ ಸೆರಗಿಗೆ ಸುರಿದು ಗಂಟು ಕಟ್ಟಿದಳು. ಸಂಜೆ ಅದನ್ನು ಗಿರಿಜಕ್ಕನ ಮನೆಗೇ ಒಯ್ಯುವುದೆಂದುಕೊಂಡಳು.