ಹೋಮರ್ ಪ್ರೂಯಿಟ್ ಆಡಿದ ಮೂರು ವರ್ಷ

ಡಾಬ್ಸನ್, ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಪುಸ್ತಕವನ್ನು ಶಾಲಾ ಸಮಿತಿಯ ಮೇಜಿನ ಮೇಲೆ ಬಿಡಿಸಿಟ್ಟು, ಹಾಳೆಯ ಮೇಲೆ ಬೆರಳೂರಿದ. "ಓದ್ಕೋ ವೆಂಡೆಲ್. ಎಲ್ಲದ್ರಲ್ಲೂ ಹೋಮರ್ ಪ್ರೂಯಿಟ್ ಅಂತಾನೇ ಇದೆ. ನಿನ್ನ ಹೆಸರು ಒಂದ್ಕಡೆ ತೋರಿಸ್ಬಿಡು, ಕೋಚ್ ಕೆಲ್ಸ ನಿಂದೇ."

ವೆಂಡೆಲ್ ಕ್ರೌಸ್ ಪುಸ್ತಕದ ಕಡೆ ನೋಡಲೂ ಇಲ್ಲ. ಅಲ್ಲಿ ಬರೆದಿದ್ದ ಒಂದೊಂದು ಆಟದಲ್ಲೂ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದವನು ಅವನೇ. ಆಗ ಅವನು ಪಾದ್ರಿಗಳು ನಡೆಸುವ ಕಾಲೇಜಿನಲ್ಲಿದ್ದ. ಚೆಂಡು ಹಿಡಿದು ಓಡುವ ಈ ಅಮೆರಿಕನ್ ಫುಟ್‌ಬಾಲನ್ನು ಭಾನುವಾರ ಹಣ ತೆಗೆದುಕೊಂಡು ಆಡಿದವನನ್ನು ಅಲ್ಲಿ ಸೋಮವಾರ ಬೆಳಿಗ್ಗೆಯೇ ಹೊರಗೆ ಹಾಕುತ್ತಿದ್ದರು. ಹಾಗಾಗಿ ಓಹಾಯೋದ ಊರೂರ ತಂಡಗಳಲ್ಲಿ ಕಾಲೇಜಿನ ಹುಡುಗರು ಬೇರೆ ಹೆಸರು ಹೇಳಿಕೊಂಡು ಆಡುತ್ತಿದ್ದರು. ಉಳಿದವರದು ಎಲ್ಲೂ ಇಲ್ಲದ, ಕಟ್ಟಿಕೊಂಡ ಹೆಸರು. ತಂಡದ ಯಜಮಾನನಾಗಿದ್ದ ಡಾಬ್ಸನ್ ಮಾತ್ರ, ಜನಕ್ಕೆ ತಮ್ಮೂರಿನ ಹುಡುಗನೇ ಬೇಕೆಂದು, ತನ್ನ ಅಂಗಡಿಯಲ್ಲಿ ದನದ ಮೇವು ತೂಗುತ್ತಿದ್ದ ಅಕ್ಕನ ಮಗ ಹೋಮರ್‌ನ ಹೆಸರನ್ನು ವೆಂಡೆಲ್‌ಗೆ ಕೊಟ್ಟಿದ್ದ. ತೊಗಲಿನ ಟೋಪಿ, ಮೂಗಿನ ಮೇಲೆ ರಬ್ಬರಿನ ಕಾಪು. ಗುರುತು ಹಿಡಿದವರೂ ತಂಡ ಗೆಲ್ಲುವಷ್ಟು ದಿನ ಬಾಯಿ ಬಿಡಲಿಲ್ಲ.

ಮೂರನೆಯ ವರ್ಷದ ನವೆಂಬರಿನಲ್ಲಿ, ಹೆಪ್ಪುಗಟ್ಟಿದ ನೆಲದ ಮೇಲೆ, ಇಬ್ಬರು ಒಟ್ಟಿಗೆ ಅವನ ಎಡಮಂಡಿಯ ಮೇಲೆ ಬಿದ್ದರು. ಈಗ ನೇಗಿಲ ಹಿಂದೆ ನಾಲ್ಕು ಸಾಲು ನಡೆದರೆ ಮಂಡಿ ಕುಂಬಳಕಾಯಿಯಂತೆ ಊದುತ್ತದೆ. ಉಳುಮೆ ತಮ್ಮನ ಪಾಲಾಗಿತ್ತು. ನಿಂತುಕೊಂಡು ಮಾಡಬಹುದಾದ, ತನಗೆ ಗೊತ್ತಿರುವ ಕೆಲಸ ಶಾಲೆಯ ಹುಡುಗರಿಗೆ ಆಟ ಕಲಿಸುವ ಇದೊಂದೇ ಎಂದು ಅವನು ಗಾಡಿ ಕಟ್ಟಿಕೊಂಡು ಬಂದಿದ್ದ. ಡಾಬ್ಸನ್ ಬಿಟ್ಟರೆ ಸಮಿತಿಯಲ್ಲಿದ್ದ ಉಳಿದಿಬ್ಬರು ಪಕ್ಕದ ಊರಿನವರು; ಪುಸ್ತಕ ನೋಡಿ, ಹೋಮರ್‌ನ ಹೆಸರಿಗೆ ಸಹಿ ಹಾಕಿ ಆಗಲೇ ಹೋಗಿಯಾಗಿತ್ತು.

"ಹೆಸರು ಕೊಟ್ಟೋರು ನೀವು ಯಜಮಾನ್ರೇ. ನಿಮ್ಮ ಬಾಯಿಂದಾನೇ ಹೇಳಿ, ಆಡಿದ್ದು ಯಾರು?"

"ಆಗ ನಿಂಗೊಂದು ಮರೆ ಬೇಕಾಗಿತ್ತು, ಕೊಟ್ಟೆ. ಈಗ ಮೂರು ವರ್ಷ ಜನಕ್ಕೆ ಸುಳ್ಳು ಹೇಳಿದ್ದೆ ಅಂತ ನಾನು ಒಪ್ಕೋಬೇಕಾ? ನಂಗೇನು ಹುಚ್ಚು ಹಿಡಿದಿದ್ಯಾ?"

ವೆಂಡೆಲ್ ಷರಾಯಿಯನ್ನು ತೊಡೆಯವರೆಗೆ ಸರಿಸಿ, ಎಡಗಾಲನ್ನು ಎತ್ತಿ ಆ ಪುಸ್ತಕದ ಮೇಲೆಯೇ ಇಟ್ಟ. ಮಂಡಿಯ ಚಿಪ್ಪು ಪಕ್ಕಕ್ಕೆ ಸರಿದು ನಿಂತಿತ್ತು. "ಇದರ ಮೇಲೆ ಯಾರ ಹೆಸರಿದೆ, ಓದಿ."

"ಕಾಲು ತೆಗಿ. ಕುದುರೆ ಒದ್ದರೂ ಹಿಂಗೇ ಆಗುತ್ತೆ."

ಕಿಟಕಿಯ ಬಳಿ ಬೆಂಚಿನ ಮೇಲೆ ಹೋಮರ್ ಪ್ರೂಯಿಟ್ ತಲೆ ತಗ್ಗಿಸಿ ಕೂತಿದ್ದ. ವೆಂಡೆಲ್ ಅವನ ಕಡೆ ತಿರುಗಿದ. "ನೀನಾದ್ರೂ ಬೊಗಳೋ. ಒಂದಿನ ಚೆಂಡು ಮುಟ್ಟಿದ್ದೀಯಾ?"

"ಮಾವ ಹೇಳಿದ್ರು, ಬಂದೆ," ಎಂದು ಹೋಮರ್ ಕೆಮ್ಮಿದ. "ಮೇವಿನ ಧೂಳು ಎದೇಲಿ ಕೂತ್ಬಿಟ್ಟಿದೆ ವೆಂಡೆಲ್. ಬಯಲಲ್ಲಿ ಗಾಳಿ ಬೀಸೋ ಕಡೆ ಕೆಲ್ಸ ಹಿಡಿ ಅಂದ್ರು ಡಾಕ್ಟರು."

"ಅದಕ್ಕೆ ನನ್ನ ಮೂರು ವರ್ಷಾನೇ ಬೇಕಿತ್ತೇನೋ?"

ಉತ್ತರಕ್ಕೆ ಕಾಯದೆ ಅವನು ಕುಂಟುತ್ತಾ ಹೊರಗೆ ಬಂದ. ಆಗಸ್ಟಿನ ಬಿಸಿಲು. ಶಾಲೆಯ ಬೇಲಿಯಾಚೆ ಮುಸುಕಿನ ಜೋಳದ ಹೊಲ ಆಳೆತ್ತರಕ್ಕೆ ನಿಂತಿತ್ತು. ಗಾಡಿಯ ಕುದುರೆಯ ಹಗ್ಗ ಬಿಚ್ಚುವಾಗ ಹಿಂದೆ ಹೆಜ್ಜೆಯ ಸದ್ದಾಯಿತು.

"ವೆಂಡೆಲ್, ಬೈಬೇಡ," ಹೋಮರ್ ಏದುಸಿರು ಬಿಡುತ್ತಿದ್ದ. "ನಾಳೆ ಬೆಳಿಗ್ಗೆ ಹುಡುಗ್ರು ಬರ್ತಾರೆ, ಇಪ್ಪತ್ತು ಜನ. ಓಡಿ ಬರೋನನ್ನ ಅಡ್ಡ ಬಿದ್ದು ಕೆಡವೋದು ಹೆಂಗೆ? ಒಂದೇ ಒಂದ್ಸಲ ತೋರಿಸ್ಬಿಡು."

ವೆಂಡೆಲ್ ಹಗ್ಗವನ್ನು ಸುತ್ತಿ ಗಾಡಿಯೊಳಗೆ ಎಸೆದ. "ನನ್ಯಾಕೆ ಕೇಳ್ತೀಯಾ? ಹೋಮರ್ ಪ್ರೂಯಿಟ್‌ನ ಹೋಗಿ ಕೇಳು. ಅವನಿಗೆ ಚೆನ್ನಾಗಿ ಗೊತ್ತು," ಎಂದು ಗಾಡಿ ಹತ್ತಿದ.

ರಸ್ತೆಯ ತಿರುವಿನವರೆಗೆ ಹೋಗಿ, ಬೇಡವೆಂದುಕೊಂಡೂ ಹಿಂದಿರುಗಿ ನೋಡಿದ. ಹೋಮರ್ ಒಬ್ಬನೇ, ಕುದುರೆ ಕಟ್ಟುವ ಕಂಬವನ್ನೇ ಎದುರಾಳಿ ಮಾಡಿಕೊಂಡು ಓಡಿ ಬರುತ್ತಿದ್ದ. ಕಣ್ಣು ನೆಲದ ಮೇಲೆ, ಗದ್ದ ಎದೆಗೆ, ನೆತ್ತಿ ಮುಂದೆ. ಟಗರು ಹಾಯುವ ಹಾಗೆ. ಹಿಂದೊಮ್ಮೆ ಆಟದಲ್ಲಿ ಹಾಗೆ ನುಗ್ಗಿ ಕತ್ತು ಮುರಿದುಕೊಂಡ ಒಬ್ಬನನ್ನು ಬಾಗಿಲ ಹಲಗೆಯ ಮೇಲೆ ಹೊತ್ತುಕೊಂಡು ಹೋದವರಲ್ಲಿ ವೆಂಡೆಲ್ ಕೂಡ ಇದ್ದ. ನಾಳೆ ಬರುವ ಇಪ್ಪತ್ತು ಹುಡುಗರೂ ಇವನು ಮಾಡಿದ್ದನ್ನೇ ಮಾಡುತ್ತಾರೆ.

ಕುದುರೆಯನ್ನು ಕೆಟ್ಟದಾಗಿ ಬೈದು ಗಾಡಿ ತಿರುಗಿಸಿದ. ಇಳಿದವನೇ ಕುಂಟುತ್ತಾ ಬಂದು ಹೋಮರ್‌ನ ಪಾದಗಳನ್ನು ಬೂಟಿನಿಂದ ಒದ್ದು ಅಗಲಿಸಿದ, ಬೆನ್ನಿಗೆ ಗುದ್ದಿ ಬಗ್ಗಿಸಿದ, ಹಿಂದಿನಿಂದ ಕೂದಲು ಹಿಡಿದು ಮುಖವನ್ನು ಮೇಲಕ್ಕೆ ಜಗ್ಗಿದ.

"ಭುಜ ಕೊಡು, ತಲೆಯಲ್ಲ!" ವೆಂಡೆಲ್ ಗಂಟಲು ಹರಿಯುವಂತೆ ಕೂಗಿದ. "ತಲೆ ಮೇಲೆತ್ತೋ ಕಳ್ಳಾ, ತಲೆ ಮೇಲೆತ್ತು!"