ಸೀಲಿಂಗ್‌ನ ಧೂಳು

ನಮ್ಮ ಹಾಲ್‌ನ ಸೀಲಿಂಗ್ ತುಂಬ ಉಬ್ಬುತಗ್ಗಿನ ಪ್ಲಾಸ್ಟರ್ ಡಿಸೈನ್. ಮನೆ ಕಟ್ಟಿಸುವಾಗ ನಮ್ಮ ಯಜಮಾನರು ನಾನು ಬೇಡವೆಂದರೂ ಕೇಳದೆ ಮಾಡಿಸಿದ್ದು. ಜೇಡರ ಬಲೆ ತೆಗೆಯುವ ಕೋಲು ತಾಗಿಸಿದರೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪ್ರತಿ ಯುಗಾದಿಗೂ ಸ್ಟೂಲ್ ಹತ್ತಿ, ಕತ್ತು ಮೇಲೆತ್ತಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಸಂದುಸಂದಿನ ಧೂಳು ತೆಗೆಯುವವಳು ನಾನು. ಹದಿನಾಲ್ಕು ವರ್ಷದಿಂದ.

“ಈ ಸಲವಾದ್ರೂ ಇದನ್ನ ಕೆತ್ತಿಸಿ ನುಣ್ಣಗೆ ಮಾಡಿಸ್ರೀ,” ಅಂದೆ.

“ಬಂದವರೆಲ್ಲ ಹೊಗಳೋ ಸೀಲಿಂಗು. ವರ್ಷಕ್ಕೊಂದು ದಿನ ಧೂಳು ಹೊಡೆಯೋಕೆ ನಿನಗೇನು ರೋಗ?” ಪೇಪರಿನಿಂದ ತಲೆ ಕೂಡ ಎತ್ತಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟೂಲ್ ತಂದು ಅವರ ಮುಂದೆ ಕುಕ್ಕಿದೆ. ಬ್ರಷ್ಷನ್ನು ಆ ಪೇಪರಿನ ಮೇಲೇ ಎಸೆದೆ.

“ಹಾಗಾದ್ರೆ ಈ ಸಲ ನೀವೇ ಹೊಡೀರಿ. ಮುಗಿಸೋ ತನಕ ನಾನು ಒಲೆ ಹಚ್ಚಲ್ಲ.”

“ಇದೇನು ಮಹಾ ಕೆಲಸ!” ಎಂದು ರೇಗಿ ಸ್ಟೂಲ್ ಹತ್ತಿದರು. ಒಂದು ಮೂಲೆ ಮುಗಿಯುವಷ್ಟರಲ್ಲಿ ಕೆಮ್ಮುತ್ತಾ, ಕಣ್ಣುಜ್ಜುತ್ತಾ, ಕತ್ತು ಹಿಡಿದುಕೊಂಡು ಇಳಿದರು. ಸೀದಾ ಗಾರೆ ಕೆಲಸದವನಿಗೆ ಫೋನ್ ಮಾಡಿದರು.

“ನಾಳೆನೇ ಬಂದು ಈ ದರಿದ್ರ ಸೀಲಿಂಗ್ ಕೆತ್ತಿ ಹಾಕಪ್ಪಾ. ನಾನು ಮೊದಲಿಂದ ಬೇಡ ಅಂತಾನೇ ಇದ್ದೆ, ನಮ್ಮ ಮನೆಯವಳೇ ಕೇಳಲಿಲ್ಲ.”

ನಾನು ಫೋನ್ ಕಿತ್ತುಕೊಂಡೆ.

“ಈಗ ಬರಬೇಡಪ್ಪಾ. ಇನ್ನು ಹದಿನಾಲ್ಕು ಯುಗಾದಿ ಇವರೇ ಧೂಳು ಹೊಡೀತಾರೆ, ಆಮೇಲೆ ಬಾ.”