ಬೆಳಕು ನುಡಿಸಿದ ಉಸಿರು

ಗೇಣುದ್ದದ ಸ್ಟೀಲ್ ಕೊಳವೆಗೆ ಅಣ್ಣ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದ. ಆಮೇಲೆ ತುದಿಗೆ ತುಟಿಯಿಟ್ಟು ಮೆಲ್ಲಗೆ ಊದಿದ. ಪ್ರಯೋಗಾಲಯದ ಮೂಲೆಯಲ್ಲಿ ಸಣ್ಣಗೆ ಕುಂಯ್‌ಗುಡುತ್ತಿದ್ದ ಪಂಪಿನ ಕಡೆ ತಿರುಗಿ, ಅದರ ದನಿಯನ್ನು ಸಿಳ್ಳೆಯಲ್ಲಿ ಹಿಡಿದು ನೋಡಿದ.

"ಎರಡೂ ಒಂದೇ ಸ್ವರ ಕಣೇ. ನಿನ್ನ ಕೊಳವೆ ಹಗಲೆಲ್ಲ ಆ ಪಂಪಿನ ಜೊತೆ ಹಾಡ್ತಾ ಕೂತಿದೆ. ಇನ್ನು ನಿನ್ನ ಬೆಳಕಿನ ಮಾತು ಅದಕ್ಕೆಲ್ಲಿ ಕೇಳಿಸ್ಬೇಕು?"

ತಂಗಿ ಹಣೆಗೆ ಕೈಯಿಟ್ಟುಕೊಂಡಳು. ಕೊಳವೆಯೊಳಗಿನ ಬೇಡದ ದನಿ ಹೋಗಲೆಂದು ಎರಡು ತಿಂಗಳಿಂದ ಅವಳು ವೈರು ಬದಲಿಸಿದ್ದಳು, ಕನ್ನಡಿ ಬದಲಿಸಿದ್ದಳು, ಲೇಸರನ್ನೇ ಬಿಚ್ಚಿ ಜೋಡಿಸಿದ್ದಳು. ಪಂಪಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಲೋಹದ ಕೊಳಲು ಮಾಡಿ ಜೀವನ ಸಾಗಿಸುವ ಅಣ್ಣನಿಗೆ ಅದು ಎರಡು ನಿಮಿಷದಲ್ಲಿ ಕೇಳಿಸಿತ್ತು. ಪಂಪು ನಿಲ್ಲಿಸುವಂತಿರಲಿಲ್ಲ, ಕೊಳವೆಗೆ ಗಾಳಿ ಎಳೆಯುವುದೇ ಅದು. ಅಣ್ಣ ಚೀಲದಿಂದ ಗರಗಸ, ಅರ ತೆಗೆದ. ಕೊಳವೆಯ ಸ್ವರ ಬದಲಾಗಲೆಂದು ಅದನ್ನು ಒಂದು ಬೆರಳಗಲ ಕುಯ್ದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒಳಮೈಯನ್ನು ಉಜ್ಜತೊಡಗಿದ.

"ನಿಮ್ಮ ಆಟ ಮುಗಿಯುತ್ತೋ ಇಲ್ವೋ?" ಎಂದಳು ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅಮ್ಮ. "ಹನ್ನೊಂದಕ್ಕೆ ಕೆಳಗೆ ಆಸ್ಪತ್ರೇಲಿ ಇರ್ಬೇಕು. ಇದೇ ಕೊನೆ ಅಂತ ಹೇಳಿದ್ದೀನಿ, ನೆನಪಿರ್ಲಿ."

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್, ಮೂರು ವರ್ಷದಿಂದ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅಮ್ಮನ ಎಡಗೈ ಗಂಟು ಗಂಟಾಗಿತ್ತು. ಹೋಗುವಾಗಿನ ತ್ರಾಣ ಬರುವಾಗ ಇರುವುದಿಲ್ಲ, ಆ ಯಂತ್ರ ತನ್ನೊಳಗಿಂದ ಏನು ತೆಗೆಯುತ್ತದೋ ಕಂಡವರಿಲ್ಲ ಎಂಬುದು ಅವಳ ದೂರು. ಬಿಟ್ಟರೆ ಎಷ್ಟು ದಿನ ಉಳಿಯುತ್ತಾಳೆಂದು ಡಾಕ್ಟರು ಮಕ್ಕಳಿಬ್ಬರಿಗೂ ಬಿಡಿಸಿ ಹೇಳಿದ್ದರು. ಅಮ್ಮನಿಗೂ ಹೇಳಿದ್ದರು. ಅವಳು ಹಟ ಬಿಟ್ಟಿರಲಿಲ್ಲ.

ತಂಗಿ ಕೊಳವೆಯನ್ನು ಜೋಡಿಸಿ, ಹೊಸ ಸ್ವರಕ್ಕೆ ತಕ್ಕಂತೆ ಲೇಸರಿನ ಮಿಡಿತವನ್ನು ಹೊಂದಿಸಿ, ಗುಂಡಿ ಒತ್ತಿದಳು.

"ಎಲ್ಲಿ ಬೆಳಕು?" ಎಂದ ಅಣ್ಣ.

"ಉರೀತಿದೆ. ಇನ್‌ಫ್ರಾರೆಡ್ ಅದು, ಕಣ್ಣಿಗೆ ಕಾಣಲ್ಲ. ಅಮ್ಮನ ರಕ್ತದಲ್ಲಿ ಕಲ್ಮಶ ಹೆಚ್ಚಾದ್ರೆ ಉಸಿರಲ್ಲಿ ಅಮೋನಿಯಾ ಬರುತ್ತೆ. ಅಮೋನಿಯಾಗೆ ಹಿಡಿಸೋ ಬೆಳಕನ್ನೇ ಆರಿಸಿ ಬಿಟ್ಟಿದ್ದೀನಿ. ಸೆಕೆಂಡಿಗೆ ನೂರಾರು ಸಲ ಹತ್ತಿ ಆರುತ್ತೆ. ಹತ್ತಿದಾಗ ಅಮೋನಿಯಾ ಅದನ್ನ ಹೀರಿ ಗಾಳಿ ಬಿಸಿಯಾಗುತ್ತೆ, ಹಿಗ್ಗುತ್ತೆ. ಆರಿದಾಗ ಕುಗ್ಗುತ್ತೆ. ಹಾಗೆ ಹಿಗ್ಗಿ ಕುಗ್ಗಿದ್ರೆ..."

"ಸ್ವರ," ಎಂದ ಅಣ್ಣ. ಅವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಕೊಳವೆಯೊಳಗಿನ ಮೈಕಿಗೆ ಸೇರಿಸಿದ್ದ ಹೆಡ್‌ಫೋನ್ ಹಾಕಿಕೊಂಡ. ಕೊಳವೆಯಲ್ಲಿ ಶುದ್ಧ ಗಾಳಿಯಿತ್ತು.

"ಏನೂ ಕೇಳಿಸ್ತಿಲ್ವಲ್ಲೇ."

"ಏನೂ ಕೇಳಿಸಬಾರದು," ಎಂದಳು ತಂಗಿ. "ಇವತ್ತಿನವರೆಗೂ ಕೇಳಿಸ್ತಾನೇ ಇತ್ತು. ಅಮ್ಮಾ, ಬಾ, ಈ ನಳಿಗೆಗೆ ಒಂದು ಸಲ ನಿಧಾನವಾಗಿ ಊದು."

ಅಮ್ಮ ಗೊಣಗುತ್ತಲೇ ಎದ್ದು ಬಂದು ಊದಿದಳು. ಅಣ್ಣ ಒಮ್ಮೆಲೇ ಮೇಜಿನ ಅಂಚನ್ನು ಹಿಡಿದುಕೊಂಡ. ಎಲ್ಲಿಂದಲೋ ಒಂದು ದನಿ ಏಳುತ್ತಿತ್ತು. ಏರಿ, ಏರಿ, ಒಂದು ಎತ್ತರಕ್ಕೆ ಬಂದು ಅಲುಗದೆ ನಿಂತಿತು. ಮೂವತ್ತು ವರ್ಷ ಅವನು ಕೊಳವೆಗಳಿಗೆ ಉಸಿರು ಕೊಟ್ಟು ಸ್ವರ ಬರಿಸಿದ್ದ. ಇಲ್ಲಿ ಉಸಿರು ತನ್ನಷ್ಟಕ್ಕೆ ಒಳಗೆ ಹರಿದು ಹೋಗುತ್ತಿತ್ತು. ಕಾಣದ ಬೆಳಕೊಂದು ಅದನ್ನು ನುಡಿಸುತ್ತಿತ್ತು. ಅವನು ಹೆಡ್‌ಫೋನ್ ತೆಗೆದು ಅಮ್ಮನ ಕಿವಿಗಿಟ್ಟ.

"ಅಯ್ಯೋ, ಯಾರೋ ಕೂಗ್ತಿರೋ ಹಾಗಿದೆ," ಎಂದಳು ಅಮ್ಮ.

"ಯಾರೂ ಅಲ್ಲಮ್ಮ. ನೀನೇ," ಎಂದಳು ತಂಗಿ.

ಅಮ್ಮ ಚೀಲ ಎತ್ತಿಕೊಂಡು ಕೆಳಗೆ ಹೋದಳು.

ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿಸಿ ಗಾಲಿಕುರ್ಚಿಯಲ್ಲಿ ಹೊರಬಂದಾಗ ಅವಳ ಮುಖ ಎಂದಿನಂತೆ ಬಿಳುಚಿಕೊಂಡಿತ್ತು. ಅಣ್ಣ ಕುರ್ಚಿಯನ್ನು ಹೊರಬಾಗಿಲ ಕಡೆ ತಿರುಗಿಸಿದ. "ಮನೆಗೆ ಆಮೇಲೆ," ಎಂದಳು ಅಮ್ಮ. "ಮೇಲಕ್ಕೆ ನಡಿ."

ಪ್ರಯೋಗಾಲಯದಲ್ಲಿ ತಂಗಿ ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. ಅಮ್ಮ ತಾನೇ ಹೆಡ್‌ಫೋನ್ ಹಾಕಿಕೊಂಡು, ಎರಡು ಸಲ ಸುಧಾರಿಸಿಕೊಂಡು ಊದಿದಳು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಊದಿದಳು.

"ಕೆಟ್ಟುಹೋಯ್ತೇನೇ? ಎಳೆಯಷ್ಟು ಕೇಳಿಸುತ್ತೆ, ಅಷ್ಟೇ."

"ಕೆಟ್ಟಿಲ್ಲಮ್ಮ. ಈಗ ಅಷ್ಟೇ ಇದೆ." ತಂಗಿ ತಾನೂ ನಳಿಗೆಗೆ ಊದಿ ತೋರಿಸಿದಳು. "ಕೇಳು, ನಂದೂ ಹೆಚ್ಚುಕಡಿಮೆ ಇಷ್ಟೇ."

ಅಮ್ಮ ತನ್ನ ಗಂಟುಗಟ್ಟಿದ ಕೈಯನ್ನು ನೋಡಿಕೊಂಡಳು. "ಬೆಳಿಗ್ಗೆ ಅಷ್ಟು ಕೂಗ್ತಿದ್ದದ್ದು... ಅಷ್ಟನ್ನೂ ಆ ಯಂತ್ರ ತೆಗೀತಾ?"

ತಂಗಿ ಹೌದೆಂದು ತಲೆಯಾಡಿಸಿದಳು.

ಅಮ್ಮ ಹೆಡ್‌ಫೋನ್ ತೆಗೆಯಲಿಲ್ಲ. ಇನ್ನೊಂದು ಸಲ ಉಸಿರು ಬಿಟ್ಟು, ಕಣ್ಣು ಮುಚ್ಚಿ ಆ ಸಣ್ಣ ದನಿಯನ್ನು ಕೇಳುತ್ತ ಕುಳಿತಳು. ಆಮೇಲೆ, ಕಿವಿ ಮುಚ್ಚಿಕೊಂಡವರು ಮಾತಾಡುವಂತೆ, ಇಡೀ ಕೋಣೆಗೆ ಕೇಳಿಸುವ ಹಾಗೆ ಹೇಳಿದಳು: "ನಾಡಿದ್ದು ಬರುವಾಗ ಆ ನರ್ಸನ್ನೂ ಕರ್ಕೊಂಡು ಬರೋಣ. ಪಾಪ, ಮೂರು ವರ್ಷದಿಂದ ನನ್ನ ಹತ್ರ ಬೈಸ್ಕೊಂಡು ಚುಚ್ತಾಳೆ. ತಾನೇನು ಮಾಡ್ತಿದ್ದೀನಿ ಅನ್ನೋದನ್ನ ಅವಳೂ ಕೇಳಿಲ್ಲ."